ಸೂಜಿ ಇಲ್ಲದ ಲಸಿಕೆ ಬರುತ್ತದೆಯೇ? ಚರ್ಮದ ಮೂಲಕ ಲಸಿಕೆ ಕೊಡುವ ಬಗ್ಗೆ ಒಂದಿಷ್ಟು ಮಾಹಿತಿ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಕಂತು, ಪುಸ್ತಕ ಬರೆಯುವುದು ಎಲ್ಲ ಮುಗಿದು ಆರೋಗ್ಯದ ಮಾತು ಬಂದಾಗ ಇತ್ತೀಚೆಗೆ ಒಂದು ಪ್ರಶ್ನೆಯನ್ನು ನಾವು ಮತ್ತೆ ಮತ್ತೆ ಕೇಳುತ್ತಿದ್ದೇವೆ. "ಸಿಸ್ಟರ್, ಇನ್ಮೇಲೆ ಮಕ್ಕಳಿಗೆ ಸೂಜಿ ಚುಚ್ಚೋದಿಲ್ವಂತೆ, ಸ್ಟಿಕ್ಕರ್ ತರಹ ಅಂಟಿಸ್ತಾರಂತೆ, ನಿಜಾನಾ?" ಯಾರೋ ಮೊಬೈಲಿನಲ್ಲಿ ನೋಡಿರುತ್ತಾರೆ, ಇನ್ನೊಬ್ಬರಿಗೆ ಹೇಳಿರುತ್ತಾರೆ. ಕೆಲವು ತಾಯಂದಿರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹಂಗಾದ್ರೆ ಅದು ಬರೋತನಕ ಕಾಯೋಣ ಬಿಡಿ, ಮಗು ಯಾಕೆ ಸುಮ್ನೆ ಅಳಬೇಕು?" ಅನ್ನುತ್ತಾರೆ. ಈ ಎರಡನೆಯ ಮಾತು ಕೇಳಿದ ಮೇಲೆ ಈ ವಿಷಯವನ್ನು ಬಿಡಿಸಿ ಬರೆಯಲೇಬೇಕು ಅಂತ ನಮಗೆ ಅನಿಸಿತು.

ಸುದ್ದಿ ಸುಳ್ಳಲ್ಲ. ಸೂಜಿ ಇಲ್ಲದೆ ಲಸಿಕೆ ಕೊಡುವ ಸಂಶೋಧನೆ ಬಹಳ ವರ್ಷಗಳಿಂದ ನಡೆಯುತ್ತಿದೆ, ಸ್ವಲ್ಪ ಫಲವನ್ನೂ ಕೊಟ್ಟಿದೆ. ಆದರೆ ಅದರಲ್ಲಿ ಯಾವುದು ನಮ್ಮ ಊರಿಗೆ ಬಂದಿದೆ, ಯಾವುದು ಇನ್ನೂ ಪರೀಕ್ಷೆಯಲ್ಲೇ ಇದೆ ಎಂಬುದನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ಚರ್ಮ ಬರೀ ಹೊದಿಕೆಯಲ್ಲ

ಸಾಮಾನ್ಯವಾಗಿ ಇಂಜೆಕ್ಷನ್ ಅಂದರೆ ತೋಳಿನ ಅಥವಾ ತೊಡೆಯ ಮಾಂಸಖಂಡಕ್ಕೆ ಚುಚ್ಚುವುದು. ಹೆಚ್ಚಿನ ಲಸಿಕೆಗಳನ್ನು ಹಾಗೆಯೇ ಕೊಡುತ್ತಾರೆ. ಆದರೆ ರೋಗಾಣುಗಳು ಮೈಯೊಳಗೆ ನುಗ್ಗಲು ನೋಡುವ ದೊಡ್ಡ ಬಾಗಿಲು ಚರ್ಮ. ಆದ್ದರಿಂದ ದೇವರು ಕಾವಲುಗಾರರನ್ನು ಅಲ್ಲೇ ಹೆಚ್ಚಾಗಿ ಇಟ್ಟಿದ್ದಾನೆ. 1868ರಲ್ಲಿ ಜರ್ಮನಿಯ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯ ವಿದ್ಯಾರ್ಥಿ ಚರ್ಮದ ಮೇಲ್ಪದರದಲ್ಲಿ ಕೈಕಾಲು ಚಾಚಿದಂತಿರುವ ಒಂದು ಬಗೆಯ ಜೀವಕೋಶಗಳನ್ನು ಕಂಡ. ಅವು ನರದ ಕೋಶಗಳು ಅಂತ ಅವನು ತಿಳಿದಿದ್ದ. ಅವು ಮೈಯ ಕಾವಲುಗಾರರು ಎಂದು ಗೊತ್ತಾಗಲು ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಲಸಿಕೆ ಅಂದರೇನು? ಕಳ್ಳ ಬರುವ ಮೊದಲೇ ಕಳ್ಳನ ಫೋಟೋವನ್ನು ಕಾವಲುಗಾರನಿಗೆ ತೋರಿಸಿಡುವುದು. ಫೋಟೋವನ್ನು ಊರ ಹೊರಗಿನ ಹೊಲದಲ್ಲಿ ಅಂಟಿಸಿದರೆ ಯಾರೋ ಒಬ್ಬಿಬ್ಬರು ನೋಡುತ್ತಾರೆ. ಊರ ಬಾಗಿಲಲ್ಲೇ ಅಂಟಿಸಿದರೆ ಕಾವಲುಗಾರರೆಲ್ಲ ನೋಡುತ್ತಾರೆ. ಮಾಂಸಖಂಡ ಆ ಹೊಲದ ಹಾಗೆ, ಚರ್ಮ ಊರ ಬಾಗಿಲಿನ ಹಾಗೆ. ಚರ್ಮದ ಕಾವಲು ಕೋಶಗಳು ಫೋಟೋ ಹಿಡಿದು ಕಂಕುಳು, ಕುತ್ತಿಗೆಗಳಲ್ಲಿರುವ ಗ್ರಂಥಿಗಳಿಗೆ ಓಡಿ ಸುದ್ದಿ ಮುಟ್ಟಿಸುತ್ತವೆ. ಹೀಗಾಗಿ ಕೆಲವು ಲಸಿಕೆಗಳನ್ನು ಚರ್ಮಕ್ಕೆ ಕೊಟ್ಟರೆ ಐದನೇ ಒಂದು ಪಾಲು ಮದ್ದು ಸಾಕಾಗುತ್ತದೆ. ಸೂಜಿ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಈ ಸಂಗತಿಯೇ ದೊಡ್ಡದು ಅಂತ ನಮ್ಮ ಅಭಿಪ್ರಾಯ.

ಎಲ್ಲ ಲಸಿಕೆಗೂ ಇದು ಆಗುವುದಿಲ್ಲ. ಮಕ್ಕಳಿಗೆ ತೊಡೆಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದನ್ನು ಚರ್ಮದ ಮೇಲ್ಪದರಕ್ಕೆ ಕೊಟ್ಟರೆ ಗಂಟು ಕಟ್ಟಿ ಉರಿಯುತ್ತದೆ, ಅದು ಮಾಂಸಖಂಡಕ್ಕೇ ಹೋಗಬೇಕು.

ಅಜ್ಜಿಯ ತೋಳಿನ ಗುರುತು

ಚರ್ಮಕ್ಕೆ ಲಸಿಕೆ ಕೊಡುವುದು ಹೊಸದೇನಲ್ಲ. ನಿಮ್ಮ ಮನೆಯ ಹಿರಿಯರ ತೋಳು ನೋಡಿ, ದುಂಡಗಿನ ಹಳೆಯ ಗುರುತು ಇರುತ್ತದೆ. ಅದು ಸಿಡುಬಿಗೆ ದಾಕು ಹಾಕಿಸಿದ್ದು. ಲೋಕದ ಮೊದಲ ಲಸಿಕೆಯೇ ಚರ್ಮದ ಲಸಿಕೆ.

ನಮ್ಮ ಮೈಸೂರಿಗೂ ಇದರಲ್ಲಿ ಒಂದು ಪಾಲಿದೆ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅವರು ಮೈಸೂರು ಅರಮನೆಯ ರಾಣಿಯರು, ಅವರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ತಾನು ದಾಕು ಹಾಕಿಸಿಕೊಂಡೆ ಅಂತ ಜನರಿಗೆ ತಿಳಿಸಲಿಕ್ಕೆ ಎಂದು ಇತಿಹಾಸಕಾರರೊಬ್ಬರು ಅಭಿಪ್ರಾಯಪಟ್ಟಿದ್ದಾರೆ. ಆ ಕಾಲದಲ್ಲೂ ಜನ ಹೆದರುತ್ತಿದ್ದರು, ಆ ಕಾಲದಲ್ಲೂ ಹೆಂಗಸರೇ ಮುಂದೆ ಬಂದು ಧೈರ್ಯ ಹೇಳಬೇಕಾಗಿತ್ತು ಅಂತ ಕಾಣುತ್ತದೆ!

ದಾಕು ಹಾಕುವ ಹಳೆಯ ಉಪಕರಣಗಳು ಚರ್ಮವನ್ನು ಕೆರೆದು ಗಾಯ ಮಾಡುತ್ತಿದ್ದವು. 1960ರ ದಶಕದಲ್ಲಿ ಅಮೆರಿಕದ ವೈಯತ್ ಕಂಪನಿಯ ಬೆಂಜಮಿನ್ ರೂಬಿನ್ ಎಂಬವರು ತುದಿಯಲ್ಲಿ ಎರಡು ಕವಲಿರುವ ಚಿಕ್ಕ ಸೂಜಿ ಮಾಡಿದರು. ಎರಡು ಕವಲುಗಳ ನಡುವೆ ಒಂದು ಹನಿ ಲಸಿಕೆ ನಿಲ್ಲುತ್ತದೆ, ಚರ್ಮದ ಮೇಲೆ ಹದಿನೈದು ಸಲ ಮೆಲ್ಲಗೆ ಕುಟ್ಟಿದರೆ ಕೆಲಸ ಮುಗಿಯಿತು. ಮೊದಲಿನ ಕಾಲು ಭಾಗ ಲಸಿಕೆ ಸಾಕಾಯಿತು. ಹೆಚ್ಚು ಓದದವರೂ ಸ್ವಲ್ಪ ಹೊತ್ತಿನಲ್ಲೇ ಕಲಿತರು. ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಅದಕ್ಕೆ ಗೌರವಧನ ಕೇಳಲಿಲ್ಲ. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಪತ್ತೆಯಾದರು. 1980ರಲ್ಲಿ ಇಡೀ ಲೋಕವೇ ಸಿಡುಬಿನಿಂದ ಮುಕ್ತ ಎಂದು ಘೋಷಣೆಯಾಯಿತು.

ಹೊಕ್ಕುಳ ಸುತ್ತ ಹದಿನಾಲ್ಕು: ಈಗ ಇಲ್ಲ

ಚರ್ಮದ ಲಸಿಕೆಯಿಂದ ನಮ್ಮ ಹಳ್ಳಿಗಳಿಗೆ ಆಗಿರುವ ದೊಡ್ಡ ಉಪಕಾರ ನಾಯಿ ಕಡಿತದ ವಿಷಯದಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಯಾಕೆಂದರೆ ಈಗಲೂ "ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ನಾಟಿ ಔಷಧಿ, ಮಂತ್ರ, ಗಾಯಕ್ಕೆ ಸುಣ್ಣ ಮೆಣಸಿನಪುಡಿ ಹಚ್ಚುವುದು ಎಲ್ಲ ನಡೆದಿದೆ. ರೇಬೀಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಆಗದ ಮಾತು. ಇಲ್ಲಿ ಹೆದರಿಕೆಗೆ ಬೆಲೆ ಕಟ್ಟುವುದು ಪ್ರಾಣದಿಂದ.

ಆ ಹದಿನಾಲ್ಕು ಇಂಜೆಕ್ಷನ್ ಸುಳ್ಳಲ್ಲ. ಕುರಿಯ ಮೆದುಳಿನಿಂದ ತಯಾರಿಸಿದ ಹಳೆಯ ಲಸಿಕೆ ಅದು. ಡೇವಿಡ್ ಸೆಂಪಲ್ ಎಂಬ ವೈದ್ಯರು ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ್ದು. ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಕೊಡುತ್ತಿದ್ದರು. ಬಹಳ ನೋವು, ಕೆಲವರಿಗೆ ಅದರಿಂದಲೇ ನರದ ತೊಂದರೆಯೂ ಆಗುತ್ತಿತ್ತು. ಭಾರತದಲ್ಲಿ ಅದರ ತಯಾರಿಕೆಯನ್ನು 2004ರ ಕೊನೆಗೆ ನಿಲ್ಲಿಸಿದರು. ಜೀವಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆ ಚೆನ್ನಾಗಿತ್ತು, ಆದರೆ ದುಬಾರಿ. ತೋಳಿನ ಮಾಂಸಖಂಡಕ್ಕೆ ಐದು ದಿನ ಕೊಡಬೇಕು, ಪ್ರತಿಸಲ ಒಂದು ಪೂರ್ತಿ ಬಾಟಲಿ. ಬಡವರು ಎಲ್ಲಿಂದ ತರಬೇಕು?

ಥಾಯ್ಲೆಂಡಿನ ರೆಡ್ ಕ್ರಾಸ್‌ನವರು 1980ರ ದಶಕದಲ್ಲೇ ಇದಕ್ಕೆ ದಾರಿ ಹುಡುಕಿದ್ದರು. ಅದೇ ಲಸಿಕೆಯನ್ನು ಚರ್ಮದ ಪದರದೊಳಗೆ ಬರೀ 0.1 ಮಿ.ಲೀ. ಕೊಡುವುದು. ನಮ್ಮ ದೇಶದಲ್ಲೂ ಪರೀಕ್ಷೆ ಮಾಡಿ ನೋಡಿದರು, ಅದರಲ್ಲಿ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯವರ ಕೆಲಸವೂ ಸೇರಿದೆ. 2006ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು.

ಲೆಕ್ಕ ನೀವೇ ಹಾಕಿ ನೋಡಿ. ಕಚ್ಚಿದ ನಂತರ ಲಸಿಕೆ ಶುರುಮಾಡಿದ ದಿನವನ್ನು ಸೊನ್ನೆ ಅಂತ ಇಟ್ಟುಕೊಂಡರೆ, ಸೊನ್ನೆ, ಮೂರು, ಏಳು, ಇಪ್ಪತ್ತೆಂಟನೇ ದಿನ, ಒಟ್ಟು ನಾಲ್ಕು ಸಲ. ಪ್ರತಿಸಲ ಎರಡೂ ತೋಳಿಗೆ 0.1 ಮಿ.ಲೀ.ನಂತೆ 0.2 ಮಿ.ಲೀ. ನಾಲ್ಕು ಸಲಕ್ಕೆ 0.8 ಮಿ.ಲೀ. ಮಾಂಸಖಂಡಕ್ಕೆ ಕೊಟ್ಟಿದ್ದರೆ 1 ಮಿ.ಲೀ. ಬಾಟಲಿಯಲ್ಲಿ 5 ಮಿ.ಲೀ. ಬೇಕಾಗಿತ್ತು. ಒಬ್ಬರಿಗೆ ಬೇಕಾಗುತ್ತಿದ್ದ ಮದ್ದಿನಲ್ಲಿ ಆರು ಜನರಿಗೆ ಕೊಡಬಹುದು.

ಇದಕ್ಕೆ ಒಂದು ಷರತ್ತಿದೆ. ಮದ್ದು ಸ್ವಲ್ಪವೇ ಆದ್ದರಿಂದ ಅದು ಚರ್ಮದೊಳಗೇ ನಿಲ್ಲಬೇಕು, ಕೆಳಗೆ ಇಳಿಯಬಾರದು. ಸರಿಯಾಗಿ ಕೊಟ್ಟರೆ ಆ ಕ್ಷಣವೇ ಕಿತ್ತಳೆ ಸಿಪ್ಪೆಯಂತೆ ಚುಕ್ಕೆ ಚುಕ್ಕೆಯಾಗಿ, ಕಡಲೆಕಾಳಿನಷ್ಟು ಉಬ್ಬು ಏಳುತ್ತದೆ. ಉಬ್ಬು ಬಾರದಿದ್ದರೆ ನರ್ಸಮ್ಮ ಪಕ್ಕದಲ್ಲಿ ಇನ್ನೊಮ್ಮೆ ಕೊಡುತ್ತಾರೆ, ಅದಕ್ಕೆ ಗಾಬರಿ ಬೇಡ. ಒಡೆದ ಬಾಟಲಿಯನ್ನು ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು, ಆದ್ದರಿಂದ ಹೆಚ್ಚು ಜನ ಬರುವ ಆಸ್ಪತ್ರೆಯಲ್ಲಿ ಈ ವಿಧಾನ ಹೆಚ್ಚು ಅನುಕೂಲ. ರೋಗನಿರೋಧಕ ಶಕ್ತಿ ಕುಗ್ಗಿರುವವರಿಗೆ ವೈದ್ಯರು ಮಾಂಸಖಂಡಕ್ಕೇ ಕೊಡುವುದುಂಟು. ಸರಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಉಚಿತ. ಕಚ್ಚಿದ ಕೂಡಲೇ ಮಾಡಬೇಕಾದದ್ದು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು, ಆಮೇಲೆ ಆಸ್ಪತ್ರೆಗೆ ಓಡುವುದು. ರಕ್ತ ಬಂದಿದ್ದರೆ ಗಾಯದ ಸುತ್ತ ಸೀರಂ ಎಂಬ ಬೇರೆ ಮದ್ದೂ ಬೇಕಾಗುತ್ತದೆ, ಕೇಳಿ ಪಡೆಯಿರಿ.

ಮಗುವಿನ ತೋಳಿನ ಗುಳ್ಳೆ

ಮಗು ಹುಟ್ಟಿದ ಕೂಡಲೇ ಎಡ ತೋಳಿಗೆ ಕೊಡುವ ಬಿಸಿಜಿ ಕೂಡ ಚರ್ಮದ ಲಸಿಕೆಯೇ. ಎಳೆ ಕೂಸಿಗೆ ಬರೀ 0.05 ಮಿ.ಲೀ. ಕೆಲವು ವಾರ ಕಳೆದ ಮೇಲೆ ಅಲ್ಲಿ ಗುಳ್ಳೆ ಎದ್ದು, ಕೀವಿನಂತೆ ಒಸರಿ, ಒಣಗಿ, ಗುರುತು ಉಳಿಯುತ್ತದೆ. ಅದು ಲಸಿಕೆ ಕೆಲಸ ಮಾಡುವ ರೀತಿ. ಅರಿಶಿನ, ಕೊಬ್ಬರಿ ಎಣ್ಣೆ, ಮುಲಾಮು ಏನನ್ನೂ ಹಚ್ಚಬೇಡಿ, ಒತ್ತಬೇಡಿ.

ಪೋಲಿಯೋ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಬಾಯಿಗೆ ಹಾಕುವ ಹನಿ ನಿಮಗೆಲ್ಲ ಗೊತ್ತು, ಸೂಜಿ ಇಲ್ಲದ ಲಸಿಕೆ ಅಂದರೆ ನಾವು ಮೊದಲು ನೋಡಿದ್ದು ಅದನ್ನೇ. ಅದರ ಜೊತೆಗೆ ಇಂಜೆಕ್ಷನ್ ಪೋಲಿಯೋ ಲಸಿಕೆಯನ್ನೂ ಕೊಡಲು ಲೋಕದ ಎಲ್ಲ ದೇಶಗಳೂ ಒಟ್ಟಿಗೆ ಹೊರಟಾಗ ಮದ್ದಿಗೆ ಅಭಾವ ಬಂತು. ಕ್ಯೂಬಾ, ಬಾಂಗ್ಲಾದೇಶಗಳಲ್ಲಿ ಆಗಲೇ ಪರೀಕ್ಷೆ ನಡೆದಿತ್ತು. 0.5 ಮಿ.ಲೀ. ಒಂದು ಪೂರ್ತಿ ಡೋಸಿಗಿಂತ, ಚರ್ಮಕ್ಕೆ 0.1 ಮಿ.ಲೀ.ನಂತೆ ಎರಡು ಸಲ ಕೊಡುವುದೇ ಮೇಲು ಅಂತ ಕಂಡುಬಂದಿತ್ತು. ಭಾರತ 2016ರಲ್ಲಿ ಎಂಟು ರಾಜ್ಯಗಳಲ್ಲಿ ಇದನ್ನು ಆರಂಭಿಸಿತು, ಅವುಗಳಲ್ಲಿ ಕರ್ನಾಟಕವೂ ಒಂದು. ಆರನೇ ವಾರ, ಹದಿನಾಲ್ಕನೇ ವಾರ, 2023ರ ಜನವರಿಯಿಂದ ಒಂಬತ್ತನೇ ತಿಂಗಳಲ್ಲಿ ಮೂರನೆಯದು. ಗುರುವಾರ ಅಂಗನವಾಡಿಯಲ್ಲಿ ನಿಮ್ಮ ಮಗುವಿನ ತೋಳಿನಲ್ಲಿ ಚಿಕ್ಕ ಉಬ್ಬು ಎದ್ದದ್ದು ನೋಡಿದ್ದೀರಲ್ಲ, ಅದು ಈ ಸಂಶೋಧನೆಯ ಫಲ.

ಗಾಳಿ ಒತ್ತಡದ ಗನ್

ಈಗ ನಿಜವಾಗಿ ಸೂಜಿಯೇ ಇಲ್ಲದ ವಿಧಾನಕ್ಕೆ ಬರೋಣ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ಎಷ್ಟು ರಭಸವಾಗಿ ಚಿಮ್ಮುತ್ತದೆ! ಅದೇ ತತ್ವ. ಕೂದಲೆಳೆಯಷ್ಟು ಸಣ್ಣ ತೂತಿನಿಂದ ಮದ್ದನ್ನು ಬಹಳ ಒತ್ತಡದಲ್ಲಿ ಚಿಮ್ಮಿಸಿದರೆ ಅದು ಚರ್ಮವನ್ನು ದಾಟಿ ಒಳಗೆ ಹೋಗುತ್ತದೆ. ಸಿಡುಬಿನ ಕಾಲದಲ್ಲಿ ಪಶ್ಚಿಮ ಆಫ್ರಿಕಾ ಮತ್ತು ಬ್ರೆಜಿಲ್‌ನಲ್ಲಿ ಇಂಥ ಗನ್ನುಗಳಿಂದ ಸಾಲಾಗಿ ನಿಂತ ಜನರಿಗೆ ಲಸಿಕೆ ಹಾಕಿದ್ದಾರೆ.

ಆದರೆ ಒಂದೇ ಗನ್ನಿನ ಮೂತಿ ಎಲ್ಲರ ತೋಳಿಗೂ ತಾಗುತ್ತಿತ್ತು. ಚಿಮ್ಮಿದ ಮದ್ದು ಕಣ್ಣಿಗೆ ಕಾಣದಷ್ಟು ರಕ್ತವನ್ನು ಹಿಂದಕ್ಕೆ ಸಿಡಿಸಿ ಮೂತಿಗೆ ಅಂಟಿಸುತ್ತಿತ್ತು. 1980ರ ದಶಕದ ಮಧ್ಯದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ ಇಂಥ ಗನ್ನಿನಿಂದ ಹೆಪಟೈಟಿಸ್ ಬಿ ಕಾಮಾಲೆ ಹಲವರಿಗೆ ಹರಡಿತು. ಆಮೇಲೆ ಆ ಬಗೆಯ ಗನ್ನುಗಳನ್ನು ಕೈಬಿಟ್ಟರು. ಸೂಜಿ ಇಲ್ಲದ್ದೆಲ್ಲ ಸುರಕ್ಷಿತ ಅಂತ ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ ಈ ಘಟನೆಯನ್ನು ಹೇಳಿದೆವು. ಈಗಿನ ಸಾಧನಗಳಲ್ಲಿ ಮದ್ದಿನ ಸಿರಿಂಜು ಒಬ್ಬರಿಗೆ ಒಂದೇ, ಬಳಸಿ ಬಿಸಾಡುವಂಥದ್ದು.

ಅಂಥದ್ದು ನಮ್ಮ ದೇಶದಲ್ಲೇ ಬಳಕೆಗೆ ಬಂದಿದೆ. ಅಹಮದಾಬಾದಿನ ಝೈಡಸ್ ಕಂಪನಿಯ ಝೈಕೋವ್-ಡಿ ಎಂಬ ಕೊರೋನಾ ಲಸಿಕೆಗೆ 2021ರ ಆಗಸ್ಟ್ 20ರಂದು ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತು. ಮನುಷ್ಯರಿಗೆ ಕೊಡಲು ಒಪ್ಪಿಗೆ ಪಡೆದ ಲೋಕದ ಮೊದಲ ಡಿಎನ್‌ಎ ಲಸಿಕೆ ಅದು. ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಮೂರು ಡೋಸು, ಸೂಜಿ ಇಲ್ಲ, ಸಣ್ಣ ಸಾಧನದಿಂದ ಚರ್ಮಕ್ಕೆ. ಸರಕಾರ ಒಂದು ಕೋಟಿ ಡೋಸು ಕೊಂಡಿತು. ಒಂದು ಡೋಸಿಗೆ 265 ರೂಪಾಯಿ, ಸಾಧನದ ಬಾಬ್ತು 93 ರೂಪಾಯಿ, ಒಟ್ಟು 358, ತೆರಿಗೆ ಬೇರೆ. ಮೊದಲಿಗೆ ಆರಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲವಾದ್ದರಿಂದ ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿಲ್ಲ. ಒಂದು ಮಾತು: ಸೂಜಿ ಇಲ್ಲ ಅಂದರೆ ನೋವೇ ಇಲ್ಲ ಅಂತಲ್ಲ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಚುರುಕ್ ಅನ್ನುತ್ತದೆ.

ಬೊಟ್ಟಿನಂಥ ಪಟ್ಟಿ

ನೀವು ಕೇಳಿದ ಸ್ಟಿಕ್ಕರ್ ಇದು. ನೋಡಲು ಸ್ಟಿಕ್ಕರ್ ಬೊಟ್ಟಿನ ಹಾಗೆ, ಅದಕ್ಕಿಂತ ದೊಡ್ಡದು. ಅಂಟುವ ಕಡೆ ಸಾಲುಸಾಲಾಗಿ ಅತಿ ಸಣ್ಣ ಮೊನೆಗಳಿರುತ್ತವೆ. ಮೊನೆಯೊಳಗೇ ಲಸಿಕೆ ಸೇರಿಸಿರುತ್ತಾರೆ. ಚರ್ಮಕ್ಕೆ ಒತ್ತಿದರೆ ಬೆವರಿನಲ್ಲಿ ಸಕ್ಕರೆ ಕರಗಿದಂತೆ ಮೊನೆಗಳು ಚರ್ಮದೊಳಗೆ ಕರಗಿ ಹೋಗುತ್ತವೆ, ಬಿಸಾಡಲು ಸೂಜಿ ಅಂತ ಏನೂ ಉಳಿಯುವುದಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ 2015ರಲ್ಲಿ 100 ಮಂದಿ ವಯಸ್ಕರ ಮೇಲೆ ಫ್ಲೂ ಜ್ವರದ ಲಸಿಕೆಯ ಪಟ್ಟಿಯನ್ನು ಪರೀಕ್ಷಿಸಿದರು. ಅದರಲ್ಲಿ 100 ಮೊನೆಗಳು, ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ಕೆಲವರು ತಾವೇ ಅಂಟಿಸಿಕೊಂಡರು. ಪಟ್ಟಿಯನ್ನು 40 ಡಿಗ್ರಿ ಶಾಖದಲ್ಲಿ ಒಂದು ವರ್ಷ ಇಟ್ಟರೂ ಲಸಿಕೆ ಕೆಟ್ಟಿರಲಿಲ್ಲ.

ಈ ಕೊನೆಯ ಸಂಗತಿ ನಮಗೆ ಮುಖ್ಯ. ಈಗಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ನರ್ಸಮ್ಮ ಹೆಗಲಿಗೆ ಐಸ್ ಡಬ್ಬಿ ಹಾಕಿಕೊಂಡು ಕಾಡಿನ ಹಾಡಿಗೆ, ಕಾಫಿ ತೋಟದ ಲೈನ್ ಮನೆಗಳಿಗೆ ನಡೆಯಬೇಕು. ದಡಾರ-ರುಬೆಲ್ಲಾ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕು. ಒಂದೇ ಮಗು ಬಂದರೂ ಬಾಟಲಿ ಒಡೆಯಬೇಕು ಅಂತ ನಿಯಮವಿದ್ದರೂ "ಇವತ್ತು ಮಕ್ಕಳು ಕಡಿಮೆ, ಮುಂದಿನ ವಾರ ಬನ್ನಿ" ಅನ್ನಿಸಿಕೊಂಡು ಕೂಲಿ ಕಳೆದುಕೊಂಡು ವಾಪಸಾದ ತಾಯಂದಿರು ನಮ್ಮ ಸಂಘಗಳಲ್ಲೇ ಇದ್ದಾರೆ. ಒಂದು ಮಗುವಿಗೆ ಒಂದು ಪಟ್ಟಿ ಆದರೆ ಈ ತಾಪತ್ರಯ ಇರುವುದಿಲ್ಲ.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ ಇದನ್ನೇ ನೋಡಿದರು. ಮೊದಲು 45 ಮಂದಿ ದೊಡ್ಡವರು, ಆಮೇಲೆ ಒಂದೂಕಾಲು ವರ್ಷ ದಾಟಿದ 120 ಮಕ್ಕಳು, ಕೊನೆಗೆ ಒಂಬತ್ತು ಹತ್ತು ತಿಂಗಳ 120 ಕೂಸುಗಳು. ದಡಾರ-ರುಬೆಲ್ಲಾ ಲಸಿಕೆಯ ಪಟ್ಟಿಯನ್ನು ಮಣಿಕಟ್ಟಿನ ಮೇಲೆ ಐದು ನಿಮಿಷ ಅಂಟಿಸಿದರು, ಹೋಲಿಕೆಗೆ ಇನ್ನುಳಿದವರಿಗೆ ಪುಣೆಯ ಸೀರಂ ಸಂಸ್ಥೆಯ ಲಸಿಕೆಯನ್ನು ಸೂಜಿಯಿಂದ ಕೊಟ್ಟರು. 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೇ ಪಟ್ಟಿಯಿಂದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೂಸುಗಳಿಗೆ ದಡಾರದಿಂದ ರಕ್ಷಣೆ, ರುಬೆಲ್ಲಾದಿಂದ ಎಲ್ಲರಿಗೂ. ಸೂಜಿಯಷ್ಟೇ ಚೆನ್ನಾಗಿ ಕೆಲಸ ಮಾಡಿತು. ಪಟ್ಟಿ ಅಂಟಿಸಿದ ಜಾಗ ಹಲವು ಮಕ್ಕಳಲ್ಲಿ ಸ್ವಲ್ಪ ಗಟ್ಟಿಯಾಗಿ ಬಣ್ಣ ಬದಲಾಯಿತು, ಆದರೆ ಚಿಕಿತ್ಸೆ ಬೇಕಾಗಲಿಲ್ಲ.

ಇದು ಸಂತೋಷದ ಸುದ್ದಿ. ಆದರೆ ಇನ್ನೂರ ನಲವತ್ತು ಮಕ್ಕಳ ಪರೀಕ್ಷೆ ಲೋಕಕ್ಕೆಲ್ಲ ಸಾಕಾಗುವುದಿಲ್ಲ. ಸಾವಿರಾರು ಮಕ್ಕಳಲ್ಲಿ ನೋಡಬೇಕು, ಕೋಟಿಗಟ್ಟಲೆ ಪಟ್ಟಿ ಮಾಡುವ ಕಾರ್ಖಾನೆ ಬೇಕು, ಬೆಲೆ ಸರಕಾರಕ್ಕೆ ನಿಲುಕಬೇಕು. ನಾವು ಇದನ್ನು ಬರೆಯುವ ಹೊತ್ತಿಗೆ ದಡಾರದ ಪಟ್ಟಿ ಎಲ್ಲೂ ಮಾರಾಟಕ್ಕಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವುದು ಸೊಂಟನೋವಿನ ಪಟ್ಟಿ. ಯಾರಾದರೂ ಲಸಿಕೆಯ ಪಟ್ಟಿ ಅಂತ ಹೇಳಿ ದುಡ್ಡು ಕೇಳಿದರೆ ಕೊಡಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ.

ಹಾಗಾದರೆ ಕಾಯಬಹುದೇ?

ಬೇಡ. ದಡಾರ ಬಹಳ ಬೇಗ ಹರಡುವ ರೋಗ. ಕೆಲವು ಮಕ್ಕಳಿಗೆ ನ್ಯುಮೋನಿಯಾ ಆಗುತ್ತದೆ, ಕೆಲವರ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗಬಹುದು. ಮೊದಲ ಡೋಸು ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. ತಪ್ಪಿಹೋಗಿದ್ದರೆ ಐದು ವರ್ಷ ತುಂಬುವವರೆಗೂ ಹಾಕಿಸಬಹುದು, "ಈಗ ಬೈತಾರೆ" ಅಂತ ಹೋಗದೆ ಇರಬೇಡಿ. ತಾಯಿ ಕಾರ್ಡ್ ಕಳೆದುಹೋಗಿದ್ದರೂ ಹೋಗಿ.

ಮಗು ಅಳುವುದಕ್ಕೂ ಸುಲಭದ ಉಪಾಯ ಇದೆ. ಮಗುವನ್ನು ಮಲಗಿಸಿ ಗಟ್ಟಿಯಾಗಿ ಅದುಮಿ ಹಿಡಿಯುವ ಬದಲು ತೊಡೆಯ ಮೇಲೆ ಎತ್ತಿಕೊಂಡು ಎದೆಗೆ ಅವಚಿ ಕುಳಿತುಕೊಳ್ಳಿ. ಚುಚ್ಚುವ ಸ್ವಲ್ಪ ಮೊದಲು ಅಥವಾ ಚುಚ್ಚುವಾಗಲೇ ಎದೆಹಾಲು ಕುಡಿಸಿದರೆ ನೋವು ಕಡಿಮೆಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ಕೊಟ್ಟಿದೆ. ನರ್ಸಮ್ಮನಿಗೆ ಮೊದಲೇ ಹೇಳಿ, "ಹಾಲು ಕುಡಿಸ್ತಾ ಇದೀನಿ, ಈಗ ಹಾಕಿ" ಅಂತ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿದ್ದು ಮನೆಗೆ ಹೊರಡಿ.